ಭಾನುವಾರದ ಬೇಸ್‌ಬಾಲ್ ವರದಿ: ಅದು ಸಿಕ್ಸರ್ ಅಲ್ಲ ಸ್ವಾಮಿ

ಮಾನ್ಯರೇ,

ನಿಮ್ಮ ಭಾನುವಾರದ ಕ್ರೀಡಾಪುಟದಲ್ಲಿ ಬಂದ, ಅಮೆರಿಕದ ಹಳೆಯ ಬೇಸ್‌ಬಾಲ್ ಆಟಗಾರ ಪೀಟ್ ಇಂಕವೀಲಿಯಾ ಕುರಿತ ವರದಿಯನ್ನು ನಾನು ಓದಿದ್ದು ಸ್ಟೇಡಿಯಂ ಹೊರಗೆ, ಕಾರಿನಲ್ಲಿ ಕೂತು. ನಿಮಗೆ ಭಾನುವಾರ ಬೆಳಿಗ್ಗೆ ಅಂದರೆ ಡಲ್ಲಾಸ್ ಕಡೆಯವರಾದ ನಮಗೆ ಶನಿವಾರ ಸಂಜೆ. ಮಗನನ್ನೂ ಅವನ ಮೂವರು ಗೆಳೆಯರನ್ನೂ ಕಾಲೇಜು ಬೇಸ್‌ಬಾಲ್ ತೋರಿಸಲು ಕರೆದುಕೊಂಡು ಹೋಗಿದ್ದೆ. ಚಿತ್ರಾನ್ನದ ಚೀಲ ಪಾರದರ್ಶಕವಾಗಿಲ್ಲ ಅಂತ ಗೇಟಿನಲ್ಲಿ ತಡೆದರು. ಚೀಲ ಕಾರಿಗಿಟ್ಟು ಬರುವಷ್ಟರಲ್ಲಿ ಎರಡು ಇನಿಂಗ್ಸ್ ಮುಗಿದಿತ್ತು. ಕೂತ ಹತ್ತೇ ನಿಮಿಷಕ್ಕೆ ಮಿಂಚು. ಇಲ್ಲಿ ಒಂದು ಮಿಂಚು ಕಂಡರೆ ಅರ್ಧ ಗಂಟೆ ಆಟ ಬಂದ್. ಅಷ್ಟರಲ್ಲಿ ಇನ್ನೊಂದು ಮಿಂಚಿದರೆ ಲೆಕ್ಕ ಮತ್ತೆ ಮೊದಲಿಂದ. ಸರಿ, ಕಾರಿಗೇ ಹೋಗಿ ಚಿತ್ರಾನ್ನ ತಿಂದೆವು. ಆಗ ಫೋನಿನಲ್ಲಿ ಕಂಡಿದ್ದು ನಿಮ್ಮ ಪೀಟ್ ಇಂಕವೀಲಿಯಾ ವರದಿ. ಗಂಟಲಲ್ಲಿ ಕಡಲೆಬೇಳೆ ಸಿಕ್ಕಿಕೊಂಡಿತು.

'48 ಸಿಕ್ಸರ್, 46.4 ರನ್ ಸರಾಸರಿ' ಅಂತ ಹಾಕಿದ್ದೀರಿ. ಚೆಂಡನ್ನು ಮೈದಾನದಾಚೆ ಹೊಡೆದು ಎಲ್ಲಾ ಬೇಸ್ ಸುತ್ತಿ ಬರುವ ಹೋಮ್ ರನ್ ಅನ್ನೋದಕ್ಕೆ ಸಿಕ್ಸರ್ ಅಂದಿದ್ದು ಹೋಗಲಿ ಬಿಡಿ, ಕ್ರಿಕೆಟ್ ಕಣ್ಣು. ಆದರೆ ಆ ಸರಾಸರಿ? ಅದು .464. ರನ್ನಿಗೂ ಅದಕ್ಕೂ ಸಂಬಂಧವೇ ಇಲ್ಲ. ಸಾವಿರ ಸಲ ಬ್ಯಾಟ್ ಹಿಡಿದರೆ 464 ಸಲ ಚೆಂಡು ಹೊಡೆದು ಬೇಸ್ ಮುಟ್ಟುತ್ತಾನೆ ಅನ್ನುವ ಲೆಕ್ಕ ಅದು. ಈ ಆಟದಲ್ಲಿ ಹತ್ತಕ್ಕೆ ಮೂರು ಸಲ ಹೊಡೆದವನನ್ನೇ ತಲೆ ಮೇಲೆ ಹೊತ್ತು ಮೆರೆಸುತ್ತಾರೆ. ಇಂಕವೀಲಿಯಾ 1985ರಲ್ಲಿ ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ಪರ 75 ಪಂದ್ಯಗಳಲ್ಲಿ ಹತ್ತಿರ ಹತ್ತಿರ ಅರ್ಧಕ್ಕರ್ಧ ಹೊಡೆದಿದ್ದಾನೆ. ಜೊತೆಗೆ ತನ್ನ ಹೊಡೆತಗಳಿಂದ ತಂಡಕ್ಕೆ 143 ರನ್ ತಂದುಕೊಟ್ಟಿದ್ದಾನೆ. ಮೂರು ವರ್ಷದ ಕಾಲೇಜು ಆಟದಲ್ಲಿ ಸರಿಯಾಗಿ 100 ಹೋಮ್ ರನ್. ನಿಮ್ಮ ಲೆಕ್ಕ ಓದಿದ ದಾವಣಗೆರೆಯ ನಮ್ಮ ಭಾವ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರು. "ಏನಯ್ಯಾ, ಬರೀ 46 ಸರಾಸರಿಗೆ ಇಷ್ಟೊಂದು ಕುಣೀತೀರಾ? ನಮ್ಮ ದ್ರಾವಿಡ್‌ದೇ ಟೆಸ್ಟಿನಲ್ಲಿ 52 ಇದೆ" ಅಂದರು. ಅವರಿಗೆ ಅರ್ಥ ಮಾಡಿಸುವ ಹೊತ್ತಿಗೆ ಹನ್ನೆರಡೂವರೆ. ಅರ್ಥ ಆಗಿದೆ ಅಂತ ನನಗೇನೂ ಧೈರ್ಯ ಇಲ್ಲ.

ಇಷ್ಟು ಸಾಲದು ಅಂತ, ಎಲ್ಲಾ ಅಲ್ಯೂಮಿನಿಯಂ ಬ್ಯಾಟಿನ ಮಹಿಮೆ ಅಂತ ಬೇರೆ ಬರೆದಿದ್ದೀರಿ. ಹಾಗಾದರೆ ಆ ವರ್ಷ ಮಿಕ್ಕ ಹುಡುಗರೆಲ್ಲ ಏನು ಹಿಡಿದು ಆಡಿದರು, ಮುದ್ದೆ ಕೋಲಾ? ಎಲ್ಲರ ಕೈಯಲ್ಲೂ ಅದೇ ಬ್ಯಾಟು ಇತ್ತು. 48 ಹೊಡೆದವನು ಒಬ್ಬನೇ. 1986ರಲ್ಲಿ ವೃತ್ತಿಪರ ತಂಡವಾದ ಟೆಕ್ಸಸ್ ರೇಂಜರ್ಸ್‌ಗೆ ಬಂದು ಮರದ ಬ್ಯಾಟು ಹಿಡಿದಾಗಲೂ ಮೊದಲ ವರ್ಷವೇ 30 ಹೊಡೆದ. ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಔಟಾಗುವುದು) ಆಗಿದ್ದೂ ಹಾಗೇ ಬಿಡಿ, 185 ಸಲ, ದೊಡ್ಡ ಲೀಗುಗಳಲ್ಲಿ ಒಂದಾದ ಅಮೆರಿಕನ್ ಲೀಗಿನಲ್ಲೇ ಜಾಸ್ತಿ. ಅದನ್ನು ನಾನು ಮುಚ್ಚಿಡುವುದಿಲ್ಲ. ಆಮೇಲೆ ಕಾಲೇಜಿನ ಆ ವೈಭವ ಮರಳಲಿಲ್ಲ ಅನ್ನುವುದೂ ನಿಜ. ಆದರೂ 12 ಸೀಸನ್, 206 ಹೋಮ್ ರನ್. ಇದು ಸುಮ್ನೆ ಬರುತ್ತಾ?

ಇನ್ನು ದೊಡ್ಡ ಲೀಗಿಗೆ 'ಹಿಂಬಾಗಿಲಿನಿಂದ ಬಂದ' ಅನ್ನೋ ನಿಮ್ಮ ಮಾತು. ಮಾಂಟ್ರಿಯಲ್ ಎಕ್ಸ್‌ಪೋಸ್ ತಂಡ ಅವನನ್ನು ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವಾಗ, ಎಂಟನೆಯವನಾಗಿ ಆರಿಸಿತು. ಕೆಳಗಿನ ಲೀಗಿನಲ್ಲಿ ಬಸ್ಸು ಹತ್ತಿ ಊರೂರು ಅಲೆಯುವುದಿಲ್ಲ ಅಂದ. ಅವರು ರೇಂಜರ್ಸ್‌ಗೆ ಕೊಟ್ಟರು, ಇವರು ನೇರ ಮೇಲಿನ ತಂಡಕ್ಕೇ ಇಳಿಸಿದರು. ಅಷ್ಟಾದ ಮೇಲೆ ದೊಡ್ಡ ಲೀಗಿನ ಅಧಿಕಾರಿಗಳಿಗೆ ಎಚ್ಚರವಾಗಿ, ಆರಿಸಿದ ಹುಡುಗನನ್ನು ಸಹಿ ಮಾಡಿದ ಒಂದು ವರ್ಷ ಬೇರೆ ತಂಡಕ್ಕೆ ಕೊಡುವ ಹಾಗಿಲ್ಲ ಅಂತ ನಿಯಮ ಮಾಡಿದರು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನೋದು ಇದಕ್ಕೇ ಅಲ್ವಾ?

ಬ್ಯಾಟಿನ ಕಥೆಯೂ ಅದೇ. ಮರದ ಬ್ಯಾಟು ಮುರಿದು ಮುರಿದು ಖರ್ಚು ಜಾಸ್ತಿ ಅಂತ 1974ರಲ್ಲಿ ಅಲ್ಯೂಮಿನಿಯಂ ಬಿಟ್ಟುಕೊಂಡವರು ಕಾಲೇಜು ಕ್ರೀಡಾ ಅಧಿಕಾರಿಗಳು. 1998ರ ಕಾಲೇಜು ಫೈನಲ್ 21-14 ಅಂತ ಅಮೆರಿಕನ್ ಫುಟ್‌ಬಾಲ್ ಅಂಕದ ಹಾಗೆ ಮುಗಿದ ಮೇಲೆ ಮೈ ಕೊಡವಿಕೊಂಡು ಎದ್ದರು. ಚೆಂಡು ಅಷ್ಟು ಸಿಡಿಯದ ಬ್ಯಾಟು ಬಂದಿದ್ದು 2011ಕ್ಕೆ. ಆ ಬ್ಯಾಟಿನಲ್ಲೂ 2024ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಚಾರ್ಲಿ ಕಾಂಡನ್ 37 ಹೊಡೆದ. 48 ಇನ್ನೂ ಹನ್ನೊಂದು ದೂರ. ಚಿತ್ರಾನ್ನದ ಚೀಲದ ಮೇಲಿರುವ ಕಣ್ಣು ಈ ಅಧಿಕಾರಿಗಳಿಗೆ ಅವತ್ತು ಬ್ಯಾಟಿನ ಮೇಲೆ ಇರಲಿಲ್ಲ!

ಆದ್ದರಿಂದ ದಯವಿಟ್ಟು ತಿದ್ದುಪಡಿ ಹಾಕಿ. ಒಳಪುಟದ ಮೂಲೆಯಲ್ಲಿ ಸಾಸಿವೆ ಕಾಳಿನ ಅಕ್ಷರದಲ್ಲಿ ಬೇಡ, ಅದೇ ಜಾಗದಲ್ಲಿ ಹಾಕಿ. ಅಥವಾ ಬೇಸ್‌ಬಾಲ್ ಸುದ್ದಿಯನ್ನೇ ಹಾಕಬೇಡಿ, ನಾವು ಬೇರೆ ಕಡೆ ಓದಿಕೊಳ್ಳುತ್ತೇವೆ. ಸ್ಟೇಡಿಯಂ ಗೇಟಿನವರಿಗೂ ಯಾರಾದರೂ ಸ್ವಲ್ಪ ಬುದ್ಧಿ ಹೇಳಿ. ಮತ್ತೆ ನಮ್ಮ ಭಾವನಿಗೆ ನೀವೇ ಫೋನ್ ಮಾಡಿ ಸಮಜಾಯಿಷಿ ಕೊಡಿ. ನನ್ನ ಕೈಲಿ ಆಗಲ್ಲ.

— ನೊಂದ ಓದುಗ, ಡಲ್ಲಾಸ್