ಪಕ್ಕದ್ಮನೆ ಮಾಮನ ಬಗ್ಗೆ ಬರೆಯುವ ಮೊದಲು

ಪುಟ್ಟ,

ನೀನು ಕಳಿಸಿದ ಬರಹ ಓದಿದೆ. ಮಾಮನ ನೆನಪಿಗೆ ಏನಾದರೂ ಬರೀಬೇಕು ಅಂತ ನಿನಗೆ ಅನ್ನಿಸಿತಲ್ಲ, ಅದೇ ಸಂತೋಷ. ಆದರೆ ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಅದರಲ್ಲಿ ಮಾಮ ಎಲ್ಲೂ ಕಾಣಲಿಲ್ಲ. 'ಕರುಣಾಮಯಿ', 'ಅಜಾತಶತ್ರು', 'ತುಂಬಲಾರದ ನಷ್ಟ'. ಈ ಮಾತುಗಳನ್ನು ಯಾರ ಫೋಟೊ ಕೆಳಗೆ ಹಾಕಿದರೂ ನಡೆಯುತ್ತೆ. ಗೊತ್ತಿಲ್ಲದವರು ಓದಿದರೆ ಯಾವುದೋ ಮಠದ ಸ್ವಾಮಿಗಳು ಹೋದರು ಅಂದ್ಕೊಳ್ತಾರೆ.

ಮಾಮನಿಗೆ ಮುಂಗೋಪ ಜಾಸ್ತಿ. ಗೇಟು ಹಾಕದೆ ಬಂದರೆ ಇಡೀ ಬೀದಿಗೆ ಕೇಳುವ ಹಾಗೆ ಬೈಯುತ್ತಿದ್ದರು. ಕೇರಂನಲ್ಲಿ ಸೋತರೆ ಎರಡು ದಿನ ಮುಖ ಗಂಟು. ಅದನ್ನೂ ಬರಿ, ಏನೂ ಆಗಲ್ಲ. ಹುಟ್ಟಿದ ಮನೆಯಲ್ಲೇ ಕೊನೆ ತನಕ ಇದ್ದ ಮನುಷ್ಯ, ಅವರ ಸಿಡುಕು ಊರಿಗೆಲ್ಲ ಗೊತ್ತು.

ಅವರ ಏಣಿ ನೆನಪಿದೆಯಾ? ಒಳಗಿಟ್ಟರೆ ಕೇಳೋಕೆ ಜನ ಸಂಕೋಚ ಪಡ್ತಾರೆ ಅಂತ ಅದನ್ನು ಯಾವಾಗಲೂ ಕಾಂಪೌಂಡಿನ ಹೊರಗೋಡೆಗೆ ಒರಗಿಸಿ ಇಡುತ್ತಿದ್ದರು. ಯಾರು ಬೇಕಾದರೂ ತಗೊಂಡು ಹೋಗಿ ಮತ್ತೆ ತಂದಿಡಬಹುದು. ಒಂದು ಸಲ ಕೆಳಗಿನ ಮೆಟ್ಟಿಲು ಮುರಿದು ವಾಪಸ್ ಬಂತು. ಯಾರು ಮುರಿದದ್ದು ಅಂತ ಮಾಮ ಕೇಳಲೇ ಇಲ್ಲ, ತಂತಿ ಸುತ್ತಿ ಬಿಗಿಮಾಡಿ ಮತ್ತೆ ಅಲ್ಲೇ ಇಟ್ಟರು. ಗೇಟಿಗೆ ಅಷ್ಟು ಕೂಗಾಡುವ ಮನುಷ್ಯ ಏಣಿಗೆ ತುಟಿ ಬಿಚ್ಚಲಿಲ್ಲ, ನೋಡು.

ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ, ಈಗ ಹೇಳಬಹುದು. ನಿನ್ನಪ್ಪನಿಗೆ ಕೆಲಸ ಇಲ್ಲದ ವರ್ಷ ನಿನ್ನ ಫೀಸ್ ಕಟ್ಟಿದ್ದು ಮಾಮ. ಹಣ ಕೊಡುವಾಗ ಅವರು ಅಂದದ್ದು ಇಷ್ಟೇ: "ನನ್ನ ಹತ್ತಿರ ಇದ್ದರೆ ಸುಮ್ನೆ ಖರ್ಚಾಗಿಬಿಡುತ್ತೆ, ಸ್ವಲ್ಪ ದಿನ ನಿನ್ನ ಹತ್ತಿರ ಇಟ್ಕೊಂಡಿರು, ಬೇಕಾದಾಗ ನಾನೇ ಕೇಳ್ತೀನಿ." ಅಂದರೆ ಉಪಕಾರ ಮಾಡ್ತಿರೋದು ನಿನ್ನಪ್ಪನೇ ಅನ್ನೋ ಹಾಗೆ! ಆಮೇಲೆ ಅವನು ಪೂರ್ತಿ ತೀರಿಸಿದ್ದಾನೆ, ಆ ಚಿಂತೆ ಬೇಡ. ಇದನ್ನು ಬರೀಬೇಕು ಅನ್ನಿಸಿದರೆ ನಿನ್ನಪ್ಪನನ್ನು ಒಂದು ಮಾತು ಕೇಳಿ ಬರಿ.

ಆದರೆ ಬೇರೆ ಮನೆಗಳಿಗೆ ಕೊಟ್ಟದ್ದನ್ನು ಬರೀಬೇಡ. ನಿನ್ನ ಬರಹದಲ್ಲಿ 'ಎದುರು ಮನೆಯ ಹುಡುಗಿಯ ಮದುವೆಗೆ' ಅಂತ ಒಂದು ಸಾಲಿದೆ, ಅದನ್ನು ಇವತ್ತೇ ತೆಗೆ. ಮಾಮ ಬಾಯಿ ಬಿಡದೆ ಇಟ್ಟುಕೊಂಡಿದ್ದನ್ನು ನೀನು ಹೊಗಳುವ ನೆಪದಲ್ಲಿ ಬಯಲು ಮಾಡಿದರೆ, ಅವರು ಅಷ್ಟು ವರ್ಷ ಕಾಪಾಡಿದ್ದು ಒಂದೇ ದಿನದಲ್ಲಿ ಹೋಯಿತು. ಸಹಾಯ ಪಡೆದವರು ಇನ್ನೂ ಇದೇ ಬೀದಿಯಲ್ಲಿ ತಲೆ ಎತ್ತಿ ಓಡಾಡಬೇಕಲ್ವಾ?

ಕಣ್ಣು ದಾನದ ವಿಷಯ ಮಾತ್ರ ಧಾರಾಳವಾಗಿ ಬರಿ, ನಾಲ್ಕು ಜನಕ್ಕೆ ತಿಳಿಯಲಿ. ಅರ್ಜಿ ತುಂಬಿಟ್ಟರೆ ಸಾಲದು, ಆ ಹೊತ್ತಲ್ಲಿ ಮನೆಯವರು ಕಣ್ಣಿನ ಬ್ಯಾಂಕಿಗೆ ಫೋನ್ ಮಾಡಬೇಕು. ಮಾಮ ಇದನ್ನು ಅತ್ತೆಗೆ ಮೊದಲೇ ಹೇಳಿಟ್ಟಿದ್ದರು. ಸಾಮಾನ್ಯವಾಗಿ ಜೀವ ಹೋಗಿ 6 ಗಂಟೆಯೊಳಗೆ ತೆಗೆಯಬೇಕು. ಅತ್ತೆ ಅಳುತ್ತಲೇ ಅವರ ಕಣ್ಣು ಮುಚ್ಚಿಸಿ, ರೆಪ್ಪೆ ಮೇಲೆ ಒದ್ದೆ ಹತ್ತಿ ಇಟ್ಟು, ತಲೆ ಕೆಳಗೆ ದಿಂಬು ಕೊಟ್ಟು, ಕಣ್ಣು ಒಣಗದಿರಲಿ ಅಂತ ಫ್ಯಾನ್ ಆರಿಸಿದರು. "ಪೊರೆ ಆಪರೇಷನ್ ಆಗಿತ್ತಲ್ಲ, ಅವರ ಕಣ್ಣು ತಗೊಳ್ತಾರಾ?" ಅಂತ ಯಾರೋ ಕೇಳಿದರು. ಅದೇನೂ ಅಡ್ಡಿಯಿಲ್ಲ. ಬೇಕಾಗಿರೋದು ಮುಂದಿನ ಪಾರದರ್ಶಕ ಪದರ, ಕಾರ್ನಿಯಾ. ಪೊರೆ ಬರೋದು ಅದರ ಹಿಂದಿನ ಮಸೂರದಲ್ಲಿ. ಯಾರಿಗೆ ಹಾಕಿದರು ಅಂತ ಕಣ್ಣಿನ ಬ್ಯಾಂಕಿನವರು ಹೇಳುವುದಿಲ್ಲ, ಹಾಕಿಸಿಕೊಂಡವರಿಗೂ ಮಾಮನ ಹೆಸರು ತಿಳಿಯುವುದಿಲ್ಲ. ಈ ಪದ್ಧತಿ ಮಾಮನಿಗೆ ಹೇಳಿ ಮಾಡಿಸಿದ ಹಾಗಿದೆ ಅಂತ ನನಗೆ ಅನ್ನಿಸಿತು.

ಇನ್ನು ಅತ್ತೆ. "ಏನಾದ್ರೂ ಬೇಕಾದ್ರೆ ಹೇಳಿ" ಅಂತ ಮಾತ್ರ ಹೇಳಬೇಡ, ಅವರು ಸಾಯೋ ತನಕ ಹೇಳಲ್ಲ. ಬಂದವರೆಲ್ಲ ಅವರವರ ಊರಿಗೆ ಹೋಗಿ ಆಯಿತು, ಮನೆ ಬಿಕೋ ಅನ್ನೋದು ಈಗಲೇ. ಬಿಲ್ಲು, ಬ್ಯಾಂಕು, ಎಲ್ಲ ಮಾಮನ ಫೋನಿನಲ್ಲೇ ಇತ್ತು, ಅತ್ತೆಗೆ ಅದನ್ನು ಮುಟ್ಟೋಕೂ ಭಯ. ನೀನು ವಾರಕ್ಕೊಂದು ಸಲ ಕರೆ ಮಾಡಿ ಒಂದೊಂದೇ ಕೆಲಸ ತಾಳ್ಮೆಯಿಂದ ಹೇಳಿಕೊಡು. ಮಾಮ ನಿನಗೆ ಸೈಕಲ್ ಕಲಿಸಿದ ಕಥೆ ಎತ್ತು, ಕೇರಂ ಜಗಳ ಎತ್ತು. ಅವರು ಅತ್ತರೆ ಗಾಬರಿಯಾಗಿ ಮಾತು ಬದಲಾಯಿಸಬೇಡ, ಅತ್ತು ಮುಗಿಸಲಿ. ಈಗ ಬರುವವರೆಲ್ಲ ಮಾಮನ ಹೆಸರೇ ತೆಗೆಯದೆ ಮಳೆ ಬಿಸಿಲಿನ ಬಗ್ಗೆ ಮಾತಾಡಿ ಎದ್ದು ಹೋಗ್ತಿದ್ದಾರೆ, ಅದು ಅತ್ತೆಗೆ ಇನ್ನೂ ಜಾಸ್ತಿ ನೋವು.

ಬರಹ ತಿದ್ದಿದ ಮೇಲೆ ನನಗೆ ಕಳಿಸಬೇಡ. ಮೊದಲು ಅತ್ತೆಗೆ ಓದಿ ಹೇಳು. ಅವರು ಬೇಡ ಅಂದ ಸಾಲು ಎಷ್ಟೇ ಚೆನ್ನಾಗಿದ್ದರೂ ತೆಗೆದುಹಾಕು, ವಾದ ಮಾಡಬೇಡ. ಆಮೇಲೆ ಎಲ್ಲಿ ಬೇಕಾದರೂ ಹಾಕು.

ನಿನ್ನ ದೊಡ್ಡಪ್ಪ