ಬಿ ಫಾರಂ ಎಲ್ಲಿಂದ ಬರುತ್ತದೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನ ಪತ್ರ ಓದಿ ನಗು ಬಂತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಇಂಗ್ಲೆಂಡಿನ ನಿನ್ನ ಊರಿನಲ್ಲಿ ಪಾರ್ಟಿಯವರು ಹಾಲ್‌ನಲ್ಲಿ ಕುರ್ಚಿ ಹಾಕಿ, ಆಕಾಂಕ್ಷಿಗಳನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ಆಮೇಲೆ ಸದಸ್ಯರು ಚೀಟಿ ಹಾಕಿ ಎಂಪಿ ಅಭ್ಯರ್ಥಿಯನ್ನು ಆರಿಸುತ್ತಾರೆ. ಹೀಗಂತ ಬರೆದಿದ್ದೀಯ. ‘ನಮ್ಮ ಚಿಕ್ಕಮಗಳೂರಲ್ಲಿ ಈಗ ಹೇಗೆ ಆರಿಸುತ್ತಾರೆ?’ ಅಂತ ಬೇರೆ ಕೇಳಿದ್ದೀಯ. ಊರು ಬಿಟ್ಟು ಬಹಳ ವರ್ಷ ಆಯ್ತಲ್ವಾ, ಮರೆತಿದ್ದೀಯ.

ನಮ್ಮಲ್ಲಿ ಆರಿಸುವುದಿಲ್ಲ ಮಾರಾಯ. ಕಳಿಸಿಕೊಡುತ್ತಾರೆ.

ಹೆಸರಿಗೆ ಒಂದು ಕ್ರಮ ಇದೆ. ಜಿಲ್ಲೆಯಿಂದ ಹೆಸರುಗಳು ಬೆಂಗಳೂರಿಗೆ ಹೋಗುತ್ತವೆ, ಅಲ್ಲಿಂದ ದೆಹಲಿಯ ಚುನಾವಣಾ ಸಮಿತಿಗೆ. ಒಂದು ಸಂಜೆ ಟಿವಿಯಲ್ಲಿ ಪಟ್ಟಿ ಬರುತ್ತದೆ. ಜಿಲ್ಲಾಧ್ಯಕ್ಷರಿಗೂ ನಮಗೂ ಒಂದೇ ಹೊತ್ತಿಗೆ ಗೊತ್ತಾಗುತ್ತದೆ. ಆಮೇಲೆ ಉಳಿಯುವುದು ಬಿ ಫಾರಂ ಒಂದೇ, ಅಂದರೆ ಇವರೇ ನಮ್ಮ ಅಭ್ಯರ್ಥಿ ಅಂತ ಪಾರ್ಟಿ ಬರೆದುಕೊಡುವ ಕಾಗದ. ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಆ ಕಾಗದ ಚುನಾವಣಾಧಿಕಾರಿಯ ಕೈ ಸೇರಬೇಕು. ಅದರಲ್ಲಿ ಶಾಯಿಯ ಸಹಿಯೇ ಇರಬೇಕು, ರಬ್ಬರ್ ಸ್ಟಾಂಪ್ ನಡೆಯುವುದಿಲ್ಲ. ಸಹಿ ಹೇಗಿರಬೇಕು ಅಂತ ಇಷ್ಟು ಕಟ್ಟುನಿಟ್ಟು ಮಾಡಿದವರು, ಆ ಹೆಸರನ್ನು ಹೇಗೆ ಆರಿಸಬೇಕು ಅಂತ ಎಲ್ಲೂ ಬರೆದಿಲ್ಲ. ಅದು ಪಾರ್ಟಿಯ ಮನೆ ವಿಷಯ.

ಇದು ಹೊಸದೂ ಅಲ್ಲ. 1978ರ ಉಪಚುನಾವಣೆಯ ಕತೆ ಕೇಳಿಕೊಂಡೇ ಅಲ್ವಾ ನಾವಿಬ್ಬರೂ ಬೆಳೆದದ್ದು. ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿಗೆ ಗೆಲ್ಲುವ ಕ್ಷೇತ್ರ ಬೇಕಿತ್ತು. ಇಲ್ಲಿ ಎಂಪಿ ಆಗಿದ್ದ ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು. ಚಂದ್ರೇಗೌಡರು ಮೂಡಿಗೆರೆ ಕಡೆಯವರು, ಇಲ್ಲಿಯ ಮಣ್ಣಿನವರು. ಅವರ ಜಾಗಕ್ಕೆ ಬಂದವರು ಉತ್ತರ ಪ್ರದೇಶದವರು. ಎದುರಿಗೆ ಜನತಾ ಪಕ್ಷ ನಿಲ್ಲಿಸಿದ್ದು ಕಲಬುರಗಿ ಕಡೆಯ ವೀರೇಂದ್ರ ಪಾಟೀಲರನ್ನು. ಊರು ನಮ್ಮದು, ಅಭ್ಯರ್ಥಿಗಳಿಬ್ಬರೂ ಹೊರಗಿನವರು! ಇಂದಿರಾ 70 ಸಾವಿರಕ್ಕೂ ಜಾಸ್ತಿ ಮತಗಳಿಂದ ಗೆದ್ದರು. ನವೆಂಬರಿನಲ್ಲಿ ಗೆದ್ದವರನ್ನು ಡಿಸೆಂಬರಿನಲ್ಲಿ ಲೋಕಸಭೆ ಉಚ್ಚಾಟಿಸಿತು. 1980ರಲ್ಲಿ ಅವರು ರಾಯ್‌ಬರೇಲಿ ಮತ್ತು ಮೇದಕ್‌ನಲ್ಲಿ ನಿಂತರು. ಇಲ್ಲಿಗೆ ಬರಲಿಲ್ಲ. ನಮಗೆ ಉಳಿದದ್ದು ಅವರ ಹೆಸರಿನ ಐ.ಜಿ. ರಸ್ತೆ. ಈಗಲೂ ಹಿರಿಯರು ಆ ಚುನಾವಣೆಯನ್ನು ಹೆಮ್ಮೆಯಿಂದ ಹೇಳುತ್ತಾರೆ, ನನಗೇನೋ ಆ ಹೆಮ್ಮೆ ಪೂರ್ತಿ ಒಗ್ಗಿಲ್ಲ.

ಈಚಿನ ಕತೆಗೆ ಬರುತ್ತೇನೆ. 2009ರಿಂದ ನಮ್ಮ ಲೋಕಸಭಾ ಕ್ಷೇತ್ರ ಉಡುಪಿ–ಚಿಕ್ಕಮಗಳೂರು. ಘಟ್ಟದ ಕೆಳಗೆ ಕುಂದಾಪುರ, ಉಡುಪಿ, ಕಾಪು, ಕಾರ್ಕಳ. ಮೇಲೆ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ. ಕಡೂರನ್ನು ಕಿತ್ತು ಹಾಸನಕ್ಕೆ ಸೇರಿಸಿದರು. ಅದಕ್ಕೂ ಮೊದಲು ಡಿ.ಸಿ. ಶ್ರೀಕಂಠಪ್ಪನವರು ಸತತ ಮೂರು ಸಲ ಗೆದ್ದಿದ್ದರಲ್ಲ, ಅವರ ನಂತರ ಘಟ್ಟದ ಮೇಲಿನವರು ಯಾರೂ ಎಂಪಿ ಆಗಿಲ್ಲ. ಮೊದಲು ಬಿಜೆಪಿಯಿಂದ ಸುಳ್ಯದ ಸದಾನಂದ ಗೌಡರು. ಅವರು ಮುಖ್ಯಮಂತ್ರಿಯಾದ ಮೇಲೆ 2012ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಜಯಪ್ರಕಾಶ್ ಹೆಗ್ಡೆ. 2014 ಮತ್ತು 2019ರಲ್ಲಿ ಶೋಭಾ ಕರಂದ್ಲಾಜೆ. 2024ರಲ್ಲಿ ಕೋಟ ಶ್ರೀನಿವಾಸ ಪೂಜಾರಿ. ಕೆಳಗಿನವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರ ಚಿಂತೆ ಮೀನುಗಾರಿಕೆ, ಬಂದರು, ಹೆದ್ದಾರಿ. ನಮ್ಮದು ಆನೆ, ಕಾಫಿ ರೇಟು, ಅಡಿಕೆ ರೋಗ, ಅರಣ್ಯದವರ ಜೊತೆ ಜಾಗದ ಜಗಳ. ಎರಡನ್ನೂ ಒಬ್ಬರೇ ಹೊರಬೇಕು. ಹಾಗಿದ್ದ ಮೇಲೆ ಯಾರು ಅನ್ನುವುದನ್ನು ಎರಡೂ ಕಡೆಯವರು ಕೂತು ಮಾತಾಡಬೇಡವಾ?

ಒಂದು ತಮಾಷೆ ಗಮನಿಸು. ಸದಾನಂದ ಗೌಡರು ಇಲ್ಲಿಂದ ಗೆದ್ದು, 2014ರಲ್ಲಿ ಬೆಂಗಳೂರು ಉತ್ತರಕ್ಕೆ ಹೋದರು. ಶೋಭಾ ಇಲ್ಲಿಂದ ಎರಡು ಸಲ ಗೆದ್ದು, 2024ರಲ್ಲಿ ಅದೇ ಬೆಂಗಳೂರು ಉತ್ತರಕ್ಕೆ ಹೋದರು. ಅಲ್ಲಿಗೆ ಹೋಗುವವರಿಗೆ ತರಬೇತಿ ಕೊಡುವ ಗುತ್ತಿಗೆ ನಮಗೇ ಸಿಕ್ಕಿದೆಯೇನೋ.

ಶೋಭಾ ಹೋದ ಬಗೆ ಮಾತ್ರ ವಿವರವಾಗಿ ಹೇಳಬೇಕು. 2019ರಲ್ಲಿ ಅವರು ಮೂರು ಲಕ್ಷಕ್ಕೂ ಹೆಚ್ಚು ಅಂತರದಿಂದ ಗೆದ್ದವರು, ಆಮೇಲೆ ಕೇಂದ್ರದಲ್ಲಿ ಮಂತ್ರಿ. ಆದರೂ 2024ರ ಶುರುವಿನಲ್ಲಿ ಅವರದೇ ಪಾರ್ಟಿಯಾದ ಬಿಜೆಪಿಯ ಕಾರ್ಯಕರ್ತರು ‘ಗೋ ಬ್ಯಾಕ್ ಶೋಭಾ’ ಅಂತ ಹಿಡಿದು ಕೂತರು. ಹೈಕಮಾಂಡಿಗೆ ಪತ್ರದ ಮೇಲೆ ಪತ್ರ. ಕ್ಷೇತ್ರಕ್ಕೆ ಬರುವುದಿಲ್ಲ, ಕಾರ್ಯಕರ್ತರ ಮಾತು ಕೇಳುವುದಿಲ್ಲ ಅನ್ನುವುದು ದೂರು. ಸಿ.ಟಿ. ರವಿಯವರ ಹೆಸರು ಓಡಾಡಿತು, ಕಾಂಗ್ರೆಸ್ಸಿನಿಂದ ಬಂದಿದ್ದ ಪ್ರಮೋದ್ ಮಧ್ವರಾಜರ ಹೆಸರೂ ಓಡಾಡಿತು. ಮಾರ್ಚ್ 13ರ ಪಟ್ಟಿಯಲ್ಲಿ ಬಂದದ್ದು ಕೋಟ ಅವರ ಹೆಸರು. ನನಗೆ ಗೊತ್ತಿರುವ ಒಬ್ಬ ಬೂತ್ ಕಾರ್ಯಕರ್ತ ಅವತ್ತು ಗೆದ್ದವನ ಹಾಗೆ ಓಡಾಡುತ್ತಿದ್ದ. ‘ನಿನ್ನ ಮಾತು ನಡೀತಲ್ಲಪ್ಪಾ’ ಅಂದೆ. ‘ಬೇಡ ಅಂದದ್ದು ನಡೀತು ಸಾರ್. ಯಾರು ಬೇಕು ಅಂತ ನಮ್ಮನ್ನು ಯಾರು ಕೇಳಿದರು?’ ಅಂದ.

ನಾನು ನಿನಗೆ ಹೇಳಬೇಕೆಂದಿರುವುದು ಇಷ್ಟೇ. ನಮ್ಮ ಊರಿನ ಪಾರ್ಟಿಗೆ ಬೇಡ ಅನ್ನುವ ಶಕ್ತಿ ಇದೆ, ಅದೂ ಬೀದಿಗೆ ಬಂದು ಕೂಗಿದರೆ ಮಾತ್ರ. ಇವರು ಬೇಕು ಅನ್ನುವ ಶಕ್ತಿ ಇಲ್ಲ. ಊಟದ ಮನೆಯಲ್ಲಿ ಬಡಿಸುವವರನ್ನು ಅಡುಗೆ ಏನು ಮಾಡಲಿ ಅಂತ ಯಾರೂ ಕೇಳುವುದಿಲ್ಲವಲ್ಲ, ಹಾಗೆ. ಕೋಟ ಕೆಟ್ಟ ಆಯ್ಕೆ ಅಂತ ನಾನು ಹೇಳುತ್ತಿಲ್ಲ. ಗ್ರಾಮ ಪಂಚಾಯಿತಿಯಿಂದ ಮೇಲೆ ಬಂದವರು. ಆದರೆ ಕೂಗಾಡಿದವರಿಗೆ ಇದರಿಂದ ಸಿಕ್ಕ ಪಾಠ ಏನು? ಮುಂದಿನ ಸಲವೂ ಕೂಗಾಡಬೇಕು ಅನ್ನುವುದೇ.

‘ಜನ ಬೇಡದವರನ್ನು ಸೋಲಿಸಲಿ’ ಅಂತ ನೀನು ಅನ್ನಬಹುದು. ಇಲ್ಲಿ ಅದು ಅಷ್ಟು ಸುಲಭ ಅಲ್ಲ. 2023ರ ವಿಧಾನಸಭೆಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಐದಕ್ಕೆ ಐದೂ ಕಾಂಗ್ರೆಸ್ಸಿಗೆ ಬಂದವು. ಮರುವರ್ಷ ಲೋಕಸಭೆಯಲ್ಲಿ ಕೋಟ ಗೆದ್ದದ್ದು ಎರಡೂವರೆ ಲಕ್ಷಕ್ಕೂ ಹೆಚ್ಚು ಮತಗಳಿಂದ. ದೆಹಲಿಗೆ ಕಳಿಸುವ ಚುನಾವಣೆ ಅಂದರೆ ಇಲ್ಲಿ ಜನ ಪಾರ್ಟಿಯ ಗುರುತು ನೋಡುತ್ತಾರೆ. ಅದಕ್ಕೇ ಟಿಕೆಟ್ ಸಿಕ್ಕ ದಿನವೇ ಅರ್ಧ ಚುನಾವಣೆ ಮುಗಿದಿರುತ್ತದೆ. ಆ ಅರ್ಧದಲ್ಲಿ ನಮಗೆ ವೋಟಿಲ್ಲ.

ಕಾಂಗ್ರೆಸ್ಸಿನದು ಇನ್ನೂ ವಿಚಿತ್ರ. 2019ರ ಮೈತ್ರಿಯಲ್ಲಿ ಈ ಸೀಟನ್ನು ಜೆಡಿಎಸ್‌ಗೆ ಕೊಟ್ಟರು. ಜೆಡಿಎಸ್ ಹತ್ತಿರ ಅಭ್ಯರ್ಥಿ ಇರಲಿಲ್ಲ, ಕಾಂಗ್ರೆಸ್ಸಿನ ಪ್ರಮೋದ್ ಮಧ್ವರಾಜರೇ ತೆನೆ ಹೊತ್ತ ಮಹಿಳೆಯ ಗುರುತಿನಲ್ಲಿ ನಿಂತರು. ಇಂದಿರಾ ಗಾಂಧಿಯನ್ನು ಗೆಲ್ಲಿಸಿದ ಊರಿನ ಮತಯಂತ್ರದಲ್ಲಿ ಕೈ ಗುರುತೇ ಇಲ್ಲ! 2024ರಲ್ಲಿ ಜಯಪ್ರಕಾಶ್ ಹೆಗ್ಡೆಯವರು ಬಿಜೆಪಿಯಿಂದ ವಾಪಸ್ ಬಂದ ತಿಂಗಳಲ್ಲೇ ಕಾಂಗ್ರೆಸ್ ಟಿಕೆಟ್ ಪಡೆದರು. ವರ್ಷಗಟ್ಟಲೆ ಬಾವುಟ ಕಟ್ಟಿದವರು ಚಪ್ಪಾಳೆ ತಟ್ಟಿದರು. ಇನ್ನೇನು ಮಾಡುತ್ತಾರೆ?

ಹಾಸನದ್ದು ಎರಡೇ ಮಾತು. 2019ರಲ್ಲಿ ದೇವೇಗೌಡರು ಸೀಟನ್ನು ಮೊಮ್ಮಗ ಪ್ರಜ್ವಲ್ ರೇವಣ್ಣನಿಗೆ ಬಿಟ್ಟುಕೊಟ್ಟು ತುಮಕೂರಿಗೆ ಹೋಗಿ ಸೋತರು. 2024ರಲ್ಲಿ ಆ ಮೊಮ್ಮಗನನ್ನು ಸೋಲಿಸಿದ್ದು ಶ್ರೇಯಸ್ ಪಟೇಲ್. ಅವರ ತಾತ ಯಾರು ಗೊತ್ತಲ್ಲ? 1999ರಲ್ಲಿ ದೇವೇಗೌಡರನ್ನೇ ಸೋಲಿಸಿದ್ದ ಪುಟ್ಟಸ್ವಾಮಿಗೌಡರು. ಕಡೂರಿನ ನಮ್ಮ ನೆಂಟರು ಈಗ ಅಲ್ಲಿಗೆ ವೋಟು ಹಾಕುತ್ತಾರೆ. ‘ಎರಡು ಮನೆ ಬಿಟ್ಟು ಮೂರನೆಯದು ಇಲ್ವೇನೋ’ ಅಂತ ಅವರ ಗೊಣಗಾಟ.

ನಿನ್ನ ಊರಿನ ಹಾಗೆ ಇಲ್ಲೂ ಮಾಡಬಹುದಲ್ಲ ಅಂತೀಯ. ಪಕ್ಕದಲ್ಲೇ ಒಮ್ಮೆ ಮಾಡಿದ್ದರು. 2014ರಲ್ಲಿ ರಾಹುಲ್ ಗಾಂಧಿ ಕೆಲವು ಕ್ಷೇತ್ರಗಳಲ್ಲಿ ಒಳಚುನಾವಣೆ ಇಟ್ಟರು. ಕರ್ನಾಟಕದಲ್ಲಿ ದಕ್ಷಿಣ ಕನ್ನಡ ಮತ್ತು ಬೆಂಗಳೂರು ಉತ್ತರ. ದಕ್ಷಿಣ ಕನ್ನಡದಲ್ಲಿ ಪಕ್ಷದವರ ಮತ ಗೆದ್ದದ್ದು ಜನಾರ್ದನ ಪೂಜಾರಿ, ಆಮೇಲೆ ಜನರ ಮತದಲ್ಲಿ ಸೋತರು. ಬೆಂಗಳೂರು ಉತ್ತರದ ಕತೆಯೂ ಅದೇ. ಒಳಚುನಾವಣೆಯ ಸುದ್ದಿ ಅಲ್ಲಿಗೇ ಮುಗಿಯಿತು. ನನ್ನ ಕೇಳಿದರೆ ಅದು ಅನ್ಯಾಯ. ಮೋದಿ ಅಲೆಯ ವರ್ಷ ಅದು, ಹೈಕಮಾಂಡ್ ಆರಿಸಿದವರೂ ಸಾಲಾಗಿ ಸೋತರು. ಅದನ್ನು ನೋಡಿ ಹೈಕಮಾಂಡನ್ನು ಯಾರೂ ರದ್ದು ಮಾಡಲಿಲ್ಲವಲ್ಲ.

ನಿಮ್ಮಲ್ಲೂ ಎಲ್ಲ ಬೆಲ್ಲ ಅಲ್ಲ ಅಂತ ನನಗೂ ಗೊತ್ತು. ಮೇಲಿನವರು ಒಪ್ಪಿದ ಪಟ್ಟಿಯಲ್ಲಿದ್ದವರು ಮಾತ್ರ ಆ ಹಾಲ್‌ಗೆ ಬರುತ್ತಾರೆ. 2024ರಲ್ಲಿ ಅವಸರದ ಚುನಾವಣೆ ಬಂದಾಗ ಎಷ್ಟೋ ಕಡೆ ಲಂಡನ್ನಿನಿಂದಲೇ ಹೆಸರು ಇಳಿಯಿತು. ಆದರೂ ಟಾಟ್ನೆಸ್ ಅನ್ನುವ ಊರಿನ ಸುದ್ದಿ ನನಗೆ ಬಹಳ ಹಿಡಿಸಿತ್ತು. 2009ರಲ್ಲಿ ಕನ್ಸರ್ವೇಟಿವ್ ಪಕ್ಷ ಅಲ್ಲಿನ ಪ್ರತಿ ಮತದಾರರಿಗೂ ಅಂಚೆಯಲ್ಲಿ ಚೀಟಿ ಕಳಿಸಿತು, ಪಾರ್ಟಿ ಸದಸ್ಯರಲ್ಲದವರಿಗೂ! ಸುಮಾರು ಕಾಲುಭಾಗ ಜನ ವೋಟು ಹಾಕಿದರು. ಗೆದ್ದದ್ದು ಸಾರಾ ವೊಲ್ಲಾಸ್ಟನ್ ಎಂಬ ಡಾಕ್ಟರ್, ಮರುವರ್ಷ ಎಂಪಿಯೂ ಆದರು.

ಇಲ್ಲಿ ಅಷ್ಟೆಲ್ಲ ಕೇಳುವ ಧೈರ್ಯ ನನಗಿಲ್ಲ. ಒಂದು ಸಣ್ಣ ಆಸೆ ಇದೆ. ಕ್ರಿಮಿನಲ್ ಕೇಸ್ ಇರುವವರಿಗೆ ಟಿಕೆಟ್ ಕೊಟ್ಟರೆ, ಬೇರೆಯವರನ್ನು ಬಿಟ್ಟು ಇವರನ್ನೇ ಯಾಕೆ ಆರಿಸಿದಿರಿ ಅಂತ ಪಾರ್ಟಿ ಪ್ರಕಟಿಸಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗೆಲ್ಲುತ್ತಾರೆ ಅನ್ನುವುದೊಂದೇ ಕಾರಣ ಆಗಬಾರದು ಎಂದೂ ಹೇಳಿತು. ಅಂದರೆ ಕೇಸ್ ಇದ್ದವರಿಗೆ ಕಾರಣ ಬೇಕು, ಇಲ್ಲದವರಿಗೆ ಬೇಡ. ಎಲ್ಲರಿಗೂ ಬರೆಯಲಿ. ಯಾರ್‍ಯಾರು ಟಿಕೆಟ್ ಕೇಳಿದ್ದರು, ಇವರಿಗೇ ಯಾಕೆ ಕೊಟ್ಟಿರಿ, ಒಂದು ಪುಟ ಸಾಕು. ಬೂತಿನಲ್ಲಿ ಕೂರುವ ಆ ಹುಡುಗನ ಕೈಗಾದರೂ ಅದು ಸಿಗಲಿ.

ನಿನ್ನಿಂದ ಒಂದು ವಿಷಯ ತಿಳಿಯಬೇಕು, ಮರೆಯದೆ ಬರೆ. ಆ ಹಾಲ್‌ನ ಸಭೆಗೆ ಒಂದು ವಾರ ಇರುವಾಗ ಯಾರಾದರೂ ದುಡ್ಡಿನವರು ಇನ್ನೂರು ಜನರ ಸದಸ್ಯತ್ವ ಶುಲ್ಕ ತಾವೇ ಕಟ್ಟಿ ಕರೆತಂದರೆ, ಅವರಿಗೂ ಚೀಟಿ ಕೊಡುತ್ತಾರಾ? ನಮ್ಮಲ್ಲಿ ಒಳಚುನಾವಣೆ ಅಂದಾಗಲೆಲ್ಲ ನನಗೆ ಮೊದಲು ಬರುವ ಹೆದರಿಕೆ ಅದೇ.

ಇತಿ ನಿನ್ನ ಗೆಳೆಯ,
ಚಿಕ್ಕಮಗಳೂರು