ಅಪ್ಪ ಸಹಿ ಹಾಕಿದರು

ಈ ನವೆಂಬರ್‌ನಲ್ಲಿ ಅಪ್ಪ ತಾವೇ ಬ್ಯಾಂಕಿಗೆ ಬಂದು ಪಿಂಚಣಿಯ ಲೈಫ್ ಸರ್ಟಿಫಿಕೇಟ್‌ಗೆ ಸಹಿ ಹಾಕಿದರು. ಕೌಂಟರ್‌ನಲ್ಲಿದ್ದವರು ಪಾಪ, ಹೆಬ್ಬೆಟ್ಟು ಸಾಕು ಅಂತ ಇಂಕ್ ಪ್ಯಾಡ್ ಮುಂದೆ ತಳ್ಳಿದ್ದರು. ಅಪ್ಪ ತಲೆಯಾಡಿಸಿ ಪೆನ್ ಕೇಳಿದರು. ಬಲಗೈಯಲ್ಲೇ ಬರೆದರು. ಅಕ್ಷರ ಸೊಟ್ಟಗಿತ್ತು, ಆದರೆ ಸಹಿ ಅವರದೇ. ಮಿದುಳಿನಲ್ಲಿ ರಕ್ತಸ್ರಾವ ಆದಾಗಿನಿಂದ ಏನೇನಾಯಿತು ಅಂತ ನಿಮಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ.

ರಕ್ತ ಕೊಟ್ಟ ಆಫೀಸಿನ ಹುಡುಗರು, ಊಟದ ಡಬ್ಬಿ ಕಳಿಸಿದ ನಮ್ಮ ಬೀದಿಯವರು, ಐಸಿಯು ಸಿಸ್ಟರ್‌ಗಳು, ಫಿಸಿಯೋ ಮೇಡಂ, 'ಯಾವಾಗಾದ್ರೂ ಕೊಡು' ಅಂತ ದುಡ್ಡು ಹಾಕಿದ ಗೆಳೆಯರು, ಎಲ್ಲರಿಗೂ ಕೈ ಮುಗಿಯುತ್ತೇನೆ.

ಭಾವನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು.

ಆಪರೇಷನ್‌ಗೆ ಸಹಿ ಕೇಳಿದ ರಾತ್ರಿ ಐಸಿಯು ಹೊರಗೆ ನನ್ನ ಜೊತೆ ಇದ್ದವರು ಅವರೊಬ್ಬರೇ. 'ಏನೂ ಆಗಲ್ಲ' ಅಂತ ಒಮ್ಮೆಯೂ ಹೇಳಲಿಲ್ಲ. ಲೈನ್‌ಮನ್ ಅಲ್ವಾ, ರಾತ್ರಿ ಎದ್ದಿರುವುದು ಅವರಿಗೆ ರೂಢಿ. ಡಾಕ್ಟರ್ ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡರು. ಬಿಪಿ ಎಷ್ಟಿದೆ, ಮುಂದಿನ ಸ್ಕ್ಯಾನ್ ಯಾವಾಗ. ನನ್ನ ತಲೆಗೆ ಏನೂ ಹೋಗುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ಋಣ ಆಮೇಲಿನದು. ಅಪ್ಪ ಮನೆಗೆ ಬಂದಾಗ ಬಲಗಡೆ ಸ್ವಾಧೀನ ಇರಲಿಲ್ಲ, ಮಾತೂ ಇರಲಿಲ್ಲ. ಯಾರೋ ಒಂದು ಕ್ಲಿನಿಕ್‌ನ ಚಿಕಿತ್ಸೆ ಪ್ಯಾಕೇಜ್‌ನ ಹಾಳೆ ಕಳಿಸಿದರು. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರ ಸ್ಟೆಮ್ ಸೆಲ್‌ಗಳನ್ನು, ಅಂದರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳನ್ನು, ಬೆನ್ನಿಗೆ ಚುಚ್ಚುವುದು. ಜೊತೆಗೆ, ಒತ್ತಡ ಹೆಚ್ಚಿಸಿದ ಚೇಂಬರ್‌ನಲ್ಲಿ ಕೂರಿಸಿ ಆಕ್ಸಿಜನ್ ಕೊಡುವುದು. ಅಮ್ಮ ಬೀರುವಿನಿಂದ ಸೈಟಿನ ಪತ್ರ ತೆಗೆದರು. ಅಪ್ಪ ಒಂದು ಸಲ ನನ್ನನ್ನು ಹೆಸರು ಹಿಡಿದು ಕರೆದರೆ ಸಾಕು, ಸೈಟು ಯಾವ ಲೆಕ್ಕ ಅನ್ನಿಸಿತು ನನಗೂ.

ಭಾವ ಜಗಳ ಆಡಲಿಲ್ಲ. ಆ ಹಾಳೆ ಹಿಡಿದು, ನನ್ನನ್ನೂ ಕರೆದುಕೊಂಡು ನಮ್ಮ ನರರೋಗದ ಡಾಕ್ಟರ್ ಹತ್ತಿರ ಹೋದರು. 'ಇದು ಟ್ರೀಟ್‌ಮೆಂಟಾ, ಟ್ರಯಲ್ಲಾ? ಟ್ರಯಲ್ ಆದ್ರೆ ನಮ್ಮ ಹತ್ರ ದುಡ್ಡು ಯಾಕೆ?' ಅಂತ ಕೇಳಿದರು.

ಡಾಕ್ಟರ್ ಪೆನ್ ಕೆಳಗಿಟ್ಟು ವಿವರಿಸಿದರು. ಯೋಚನೆ ಪೂರ್ತಿ ಗಾಳಿಮಾತಲ್ಲವಂತೆ. ಚೇಂಬರ್‌ನ ಆಕ್ಸಿಜನ್‌ನಿಂದ ರಕ್ತದಲ್ಲಿ ಸ್ಟೆಮ್ ಸೆಲ್ ಹೆಚ್ಚುತ್ತವೆ ಅಂತ 2006ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದರು. ಆದರೆ ರಕ್ತಸ್ರಾವವಾದ ಮಿದುಳು ಅದರಿಂದ ಸರಿಹೋಗುತ್ತೆ ಅನ್ನುವುದು ಬೇರೆ ಮಾತು. ನಮ್ಮ ದೇಶದಲ್ಲೇ 5 ಆಸ್ಪತ್ರೆಗಳಲ್ಲಿ 120 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2014ರಲ್ಲಿ ಬಂತು. ಅದು ರಕ್ತ ಹೆಪ್ಪುಗಟ್ಟಿ ಆಗುವ ಸ್ಟ್ರೋಕ್‌ಗೆ. ಅವರವರ ಮಜ್ಜೆಯ ಕೋಶಗಳನ್ನೇ ಕೊಟ್ಟರು. ತೊಂದರೆ ಆಗಲಿಲ್ಲ, ಉಪಯೋಗವೂ ಕಾಣಲಿಲ್ಲ. ಇಂಥದ್ದನ್ನು ಒಪ್ಪಿಗೆ ಪಡೆದ ಟ್ರಯಲ್‌ನಲ್ಲಿ ಮಾತ್ರ ಕೊಡಬೇಕು, ರೋಗಿಯಿಂದ ದುಡ್ಡು ತಗೋಬಾರದು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯೇ ಹೇಳುತ್ತದೆ.

ಸೈಟಿನ ಪತ್ರ ಬೀರುವಿಗೆ ವಾಪಸ್ ಹೋಯಿತು. ಅವತ್ತಿನಿಂದ ಭಾವ ಡ್ಯೂಟಿ ಮುಗಿಸಿ ನೇರ ನಮ್ಮ ಮನೆಗೆ. ಬಟ್ಟೆ ಕ್ಲಿಪ್ಪುಗಳನ್ನು ಅಪ್ಪನ ಕೈಗೆ ಕೊಟ್ಟು ದಾರಕ್ಕೆ ಹಾಕಿಸುವುದು, ತೆಗೆಸುವುದು. ಅಪ್ಪ ಸಿಟ್ಟಿನಿಂದ ಎಸೆಯುತ್ತಿದ್ದರು. ಭಾವ ಆರಿಸಿ ಮತ್ತೆ ಕೊಡುತ್ತಿದ್ದರು. ಅಪ್ಪನ ಬಾಯಿಂದ ಮೊದಲು ಸ್ಪಷ್ಟವಾಗಿ ಬಂದ ಮಾತು ಅಳಿಯನಿಗೆ ಒಂದು ಬೈಗುಳ! ಅಮ್ಮನಿಗೆ ನಾಚಿಕೆ, ಭಾವನಿಗೆ ನಗು ತಡೆಯಲಿಲ್ಲ. ಮಾತು ನಿಂತವರಿಗೂ ಬೈಗುಳ ಬಾಯಿಗೆ ಬರುವುದುಂಟು ಅಂತ ಸ್ಪೀಚ್ ಥೆರಪಿಸ್ಟ್ ಹೇಳಿದ ಮೇಲೆ ಅಮ್ಮ ಸಮಾಧಾನವಾದರು.

ಅಪ್ಪ ಪೂರ್ತಿ ಸರಿಹೋಗಿಲ್ಲ. ಪೇಪರ್ ಹಿಡಿದು ಕೂರುತ್ತಾರೆ, ಎರಡು ಸಾಲು ಓದಿ ಮಡಚಿಡುತ್ತಾರೆ. ನೋಡಲಾಗುವುದಿಲ್ಲ. ಅಂಥ ದಿನ, ಆ ಸೂಜಿ ಚುಚ್ಚಿಸಿದ್ದರೆ ಅಂತ ಮನಸ್ಸು ಈಗಲೂ ಅತ್ತ ಎಳೆಯುತ್ತದೆ. ಮುಂದೊಂದು ದಿನ ಯಾವುದಾದರೂ ಟ್ರಯಲ್ ಗೆದ್ದರೆ ಮೊದಲು ಕ್ಯೂ ನಿಲ್ಲುವವರು ನಾವೇ. ಭಾವನೂ ಬರುತ್ತಾರೆ, ಚೀಟಿ ಪೆನ್ನು ಹಿಡಿದು.

ಅಪ್ಪನನ್ನು ನೋಡಲು ಬರುವವರು ಬೆಳಿಗ್ಗೆ ಬನ್ನಿ, ಮಧ್ಯಾಹ್ನದ ಮೇಲೆ ಸುಸ್ತಾಗುತ್ತಾರೆ. ಉಪ್ಪಿನಕಾಯಿ ಮಾತ್ರ ತರಬೇಡಿ. ಅವರು ಕೇಳ್ತಾರೆ, ಆದರೂ ಕೊಡಬೇಡಿ. ಬಿಪಿ ಚೀಟಿ ಇನ್ನೂ ಭಾವನ ಕೈಯಲ್ಲೇ ಇದೆ.